ಒಂದು ಪದಕ್ಕೆ ಒಂದೇ ಕೆಲಸ ಕೊಡಿ: ಸೂಪರ್‌ಹೀರೊ ಆಟಗಳ ನಿಯಮ ಬರೆಯುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಮಾತಿನಲ್ಲೇ ಕಥೆ ಕಟ್ಟುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಸೂಪರ್‌ಹೀರೊ ಆಟಗಳ ಕಷ್ಟವೇ ಬೇರೆ. ಕತ್ತಿ, ಮಂತ್ರ, ಡ್ರ್ಯಾಗನ್‌ಗಳ ಆಟದಲ್ಲಿ ಮಂತ್ರಗಳ ಪಟ್ಟಿ ಪುಸ್ತಕದಲ್ಲೇ ಇರುತ್ತದೆ, ಆಟಗಾರ ಅದರಿಂದ ಆರಿಸಿಕೊಂಡರೆ ಮುಗಿಯಿತು. ಸೂಪರ್‌ಹೀರೊ ಆಟದಲ್ಲಿ ಹಾಗೆ ಆಗುವುದಿಲ್ಲ. ಅಂಗೈಯಿಂದ ಬೆಂಕಿ ಎಸೆಯುವವನು, ಗೋಡೆಯೊಳಗಿಂದ ನಡೆದು ಹೋಗುವವಳು, ಒಮ್ಮೆ ಕಿರುಚಿದರೆ ಬೀದಿಗೆ ಬೀದಿಯನ್ನೇ ಮಂಕಾಗಿಸುವವಳು: ಯಾವ ಶಕ್ತಿಯಾದರೂ ಆಟಗಾರನೇ ಬಿಡಿಭಾಗ ಜೋಡಿಸಿ ಕಟ್ಟಿಕೊಳ್ಳಬೇಕು. ಆ ಬಿಡಿಭಾಗಗಳ ಹೆಸರುಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಕಟ್ಟುವ ಕೆಲಸ ಮೊದಲ ದಿನವೇ ನಿಲ್ಲುತ್ತದೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ನಿಮ್ಮಲ್ಲಿ ಹೆಚ್ಚಿನವರು ಅಮೆರಿಕದಲ್ಲಿದ್ದು ಇಂಗ್ಲಿಷಿನಲ್ಲಿ ಬರೆಯುವವರು. ಆದರೂ ಪತ್ರ ಕನ್ನಡದಲ್ಲಿದೆ, ಕಾರಣ ಎರಡು. ಈ ಪುಸ್ತಕಗಳನ್ನು ಇಟ್ಟುಕೊಂಡು ಕನ್ನಡದಲ್ಲಿ ಮಾತಾಡುತ್ತ ಆಡುವವರಿದ್ದಾರೆ. ಅಲ್ಲಿ ಕಥೆ ಕನ್ನಡದಲ್ಲಿ ಸಾಗುತ್ತದೆ, ನಿಯಮದ ಪದಗಳು ಮಾತ್ರ ಇಂಗ್ಲಿಷಿನವೇ ಉಳಿಯುತ್ತವೆ. ಇನ್ನು ಮ್ಯುಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಎಂಬ ಸೂಪರ್‌ಹೀರೊ ಆಟದ ನಿಯಮಗಳು ಓಪನ್ ಗೇಮ್ ಲೈಸೆನ್ಸ್ ಅಡಿಯಲ್ಲಿ ಬಂದಿರುವುದರಿಂದ ಅವನ್ನು ಆಧರಿಸಿ ತಮ್ಮದೇ ಆಟ ಬರೆಯುವ ದಾರಿ ಇಲ್ಲಿಯವರಿಗೂ ತೆರೆದಿದೆ. ಹಾಗೆ ಬರೆಯಲು ಹೊರಟವರು ಹಳೆಯ ಗೊಂದಲವನ್ನೂ ಜೊತೆಗೆ ಹೊತ್ತು ತರಬಾರದು.

ಉದಾಹರಣೆಗೆ ಮುಖ್ಯವಾಗಿ ಇದೇ ಆಟದ ಮೂರನೇ ಆವೃತ್ತಿಯನ್ನು ತೆಗೆದುಕೊಳ್ಳುತ್ತೇವೆ. ಅದು ಕೆಟ್ಟ ಆಟವೆಂದು ಅಲ್ಲ. ಶಕ್ತಿಗಳನ್ನು ಬಿಡಿಸಿ ಜೋಡಿಸುವ ವಿಷಯದಲ್ಲಿ ಅಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಕಡಿಮೆ. ಲೆಕ್ಕ ಗಟ್ಟಿಯಾಗಿದ್ದೂ ಹೆಸರು ಸಡಿಲವಾದರೆ ಏನಾಗುತ್ತದೆ ಎಂಬುದು ಅಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

ಮೊದಲಿಗೆ ‘ಪವರ್’ ಎಂಬ ಪದ. ಈ ಆಟದಲ್ಲಿ ಪವರ್ ಎಂದರೆ ಒಂದು ಅಥವಾ ಹಲವು ‘ಎಫೆಕ್ಟ್’ಗಳ ಕಟ್ಟು. ಎಫೆಕ್ಟ್ ಎಂದರೆ ನಿಯಮದ ಮಟ್ಟದಲ್ಲಿ ಏನಾಗುತ್ತದೆ ಎಂಬುದು: ಡ್ಯಾಮೇಜ್ (ಪೆಟ್ಟು), ಅಫ್ಲಿಕ್ಷನ್ (ಮಂಕು ಕವಿಸುವಂಥ ದುಸ್ಥಿತಿ ತರುವುದು), ಫ್ಲೈಟ್ (ಹಾರಾಟ), ಪ್ರೊಟೆಕ್ಷನ್ (ರಕ್ಷಣೆ) ಇತ್ಯಾದಿ. ಅದು ಬೆಂಕಿಯೋ, ಮಂಜೋ, ಮಾಟವೋ ಎಂಬುದು ‘ಡಿಸ್ಕ್ರಿಪ್ಟರ್’, ಅದಕ್ಕೆ ಬೆಲೆ ಇಲ್ಲ. ಇಷ್ಟು ಚೆನ್ನಾಗಿಯೇ ಇದೆ. ಆದರೆ ಅದೇ ಪುಸ್ತಕದಲ್ಲಿ ‘ಪವರ್ ಪಾಯಿಂಟ್’ ಇದೆ. ಅದು ಪವರ್‌ಗೆ ಮಾತ್ರ ಖರ್ಚು ಮಾಡುವ ಪಾಯಿಂಟ್ ಅಲ್ಲ, ಎಬಿಲಿಟಿ (ಮೂಲ ಸಾಮರ್ಥ್ಯ), ಸ್ಕಿಲ್, ಡಿಫೆನ್ಸ್, ಅಡ್ವಾಂಟೇಜ್ (ವಿಶೇಷ ಕೌಶಲದ ಪಟ್ಟು) ಎಲ್ಲವನ್ನೂ ಕೊಳ್ಳುವುದು ಅದರಿಂದಲೇ. ‘ಪವರ್ ಲೆವೆಲ್’ ಇದೆ. ಅದು ಯಾವ ಪವರ್‌ನ ಲೆವೆಲ್ಲೂ ಅಲ್ಲ, ಇಡೀ ಆಟಕ್ಕೆ ಹಾಕಿದ ಮೇಲ್ಮಿತಿ. ಪವರ್ ಲೆವೆಲ್ 10 ಎಂದರೆ ಆರಂಭಕ್ಕೆ 150 ಪಾಯಿಂಟ್, ದಾಳಿಯ ಬೋನಸ್ ಮತ್ತು ಎಫೆಕ್ಟ್ ರ‍್ಯಾಂಕ್ (ಎಫೆಕ್ಟಿನ ಬಲದ ಅಂಕಿ) ಕೂಡಿದರೆ 20 ದಾಟಬಾರದು. ‘ಪವರ್ ಅಟ್ಯಾಕ್’ ಬೇರೆ ಇದೆ. ಅದಕ್ಕೆ ಪವರ್ ಬೇಕೇ ಇಲ್ಲ. ದಾಳಿಯ ಬೋನಸ್ಸಿನಲ್ಲಿ ಒಂದಿಷ್ಟು ಕಡಿಮೆ ಮಾಡಿ ಅಷ್ಟನ್ನು ಎಫೆಕ್ಟ್ ರ‍್ಯಾಂಕ್‌ಗೆ ಸೇರಿಸುವ ಪಟ್ಟು ಅದು, ಬರಿಗೈಯ ಗುದ್ದಿಗೂ ನಡೆಯುತ್ತದೆ. ಹೊಸ ಆಟಗಾರ ‘ನನಗೆ ಪವರ್ ಇಲ್ಲ, ನಾನು ಪವರ್ ಅಟ್ಯಾಕ್ ಮಾಡಬಹುದಾ?’ ಎಂದು ಕೇಳಿದರೆ ತಪ್ಪು ಅವನದಲ್ಲ.

ಇದಕ್ಕಿಂತ ದುಬಾರಿಯಾಗುವುದು ‘ಪರ್ಸೆಪ್ಷನ್’. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಪರ್ಸೆಪ್ಷನ್ ಎಂಬ ಸ್ಕಿಲ್ ಇದೆ. ಬಾಗಿಲ ಹಿಂದಿನ ಸದ್ದು ಕೇಳಿಸಿತೇ, ಅಡಗಿದವ ಕಂಡನೇ ಎಂದು ನೋಡಲು ಅದರ ದಾಳ. ಪರ್ಸೆಪ್ಷನ್ ಎಂಬ ರೇಂಜ್ ಇದೆ. ಪರ್ಸೆಪ್ಷನ್ ಎಂಬ ಏರಿಯಾ ಇದೆ. ಒಂದೇ ಕುಟುಂಬದವು ಎಂದು ಹೆಸರು ನಂಬಿಸುತ್ತದೆ. ಕೊನೆಯ ಎರಡು ಕೆಲಸ ಮಾಡುವುದು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ. ಪರ್ಸೆಪ್ಷನ್ ರೇಂಜ್ ಎಂದರೆ ಶಕ್ತಿ ಪ್ರಯೋಗಿಸುವವನು ಗುರಿಯನ್ನು ಕಂಡರೆ ಸಾಕು, ದಾಳಿಯ ದಾಳ ಹಾಕಬೇಕಿಲ್ಲ, ಗುರಿ ಒಂದೇ. ಪರ್ಸೆಪ್ಷನ್ ಏರಿಯಾ ಎಂದರೆ ಆ ಶಕ್ತಿಯನ್ನು ಯಾರು ಯಾರು ಕಂಡರೋ, ಕೇಳಿಸಿಕೊಂಡರೋ ಅವರೆಲ್ಲರಿಗೂ ತಗಲುತ್ತದೆ. ಒಂದರಲ್ಲಿ ಗ್ರಹಿಸಬೇಕಾದವನು ಹೊಡೆಯುವವನು, ಇನ್ನೊಂದರಲ್ಲಿ ಹೊಡೆತ ತಿನ್ನುವವನು.

ಈಗ ಆ ಕಿರುಚುವ ನಾಯಕಿಯನ್ನು ಕಟ್ಟಿ ನೋಡೋಣ. ಎಫೆಕ್ಟ್ ಅಫ್ಲಿಕ್ಷನ್, ರ‍್ಯಾಂಕ್ 8. ಅಫ್ಲಿಕ್ಷನ್‌ನ ಮೂಲ ಬೆಲೆ ರ‍್ಯಾಂಕ್‌ಗೆ 1 ಪಾಯಿಂಟ್, ಮೂಲ ರೇಂಜ್ ‘ಕ್ಲೋಸ್’, ಅಂದರೆ ಕೈಗೆಟುಕುವಷ್ಟು ದೂರ. ಪರ್ಸೆಪ್ಷನ್ ರೇಂಜ್ ಬೇಕೆಂದರೆ ಎರಡು ಮೆಟ್ಟಿಲು ಹತ್ತಬೇಕು: ಕ್ಲೋಸ್‌ನಿಂದ ರೇಂಜ್ಡ್‌ಗೆ ರ‍್ಯಾಂಕ್‌ಗೆ 1, ರೇಂಜ್ಡ್‌ನಿಂದ ಪರ್ಸೆಪ್ಷನ್‌ಗೆ ಇನ್ನೂ 1. ಒಟ್ಟು ರ‍್ಯಾಂಕ್‌ಗೆ 3, ಎಂಟು ರ‍್ಯಾಂಕ್‌ಗೆ 24 ಪಾಯಿಂಟ್. ಪರ್ಸೆಪ್ಷನ್ ಏರಿಯಾ ಆದರೆ ಒಂದೇ ಎಕ್ಸ್ಟ್ರಾ (ಬೆಲೆ ಕೊಟ್ಟು ಶಕ್ತಿಗೆ ಸೇರಿಸುವ ಗುಣ), ರ‍್ಯಾಂಕ್‌ಗೆ 1. ಒಟ್ಟು 16 ಪಾಯಿಂಟ್. ಹದಿನಾರರದ್ದು ಸೋವಿ, ಆದರೆ ಕೇಳಿಸಿಕೊಂಡ ಗೆಳೆಯರೂ ಮಂಕಾಗುತ್ತಾರೆ. ಅವರನ್ನು ಬಿಟ್ಟು ಶತ್ರುಗಳಿಗಷ್ಟೇ ತಗಲಬೇಕಾದರೆ ಸೆಲೆಕ್ಟಿವ್ ಎಂಬ ಎಕ್ಸ್ಟ್ರಾ ಸೇರಿಸಬೇಕು, ಅದೂ ರ‍್ಯಾಂಕ್‌ಗೆ 1, ಮತ್ತೆ 24ಕ್ಕೇ ಬಂದು ನಿಲ್ಲುತ್ತದೆ.

ಬೆಲೆ ಸಮವಾದ ಮಾತ್ರಕ್ಕೆ ಮೇಜಿನ ಮೇಲೆ ಎರಡೂ ಒಂದೇ ಆಗುವುದಿಲ್ಲ. ಪರ್ಸೆಪ್ಷನ್ ರೇಂಜ್‌ನದಕ್ಕೆ ಎದುರಾಳಿ ಒಂದೇ ದಾಳ ಹಾಕುತ್ತಾನೆ, ಫಾರ್ಟಿಟ್ಯೂಡ್ (ದೇಹದ ತಾಳಿಕೆ) ಅಥವಾ ವಿಲ್ (ಮನೋಬಲ), ಮುಟ್ಟಬೇಕಾದ ಸಂಖ್ಯೆ 18. ಪರ್ಸೆಪ್ಷನ್ ಏರಿಯಾದ್ದಕ್ಕೆ ಮೊದಲು ಡಾಜ್ (ತಪ್ಪಿಸಿಕೊಳ್ಳುವ) ದಾಳ, ಅದಕ್ಕೂ 18. ಅದರಲ್ಲಿ ಗೆದ್ದರೆ ಏನೂ ಆಗುವುದಿಲ್ಲ, ಸೋತರೆ ಮಾತ್ರ ಎರಡನೇ ದಾಳ. ಕಿವಿಗೆ ಹತ್ತಿ ತುರುಕಿಕೊಂಡ ಶತ್ರು ಏರಿಯಾದಿಂದ ಪಾರಾಗುತ್ತಾನೆ, ರೇಂಜ್‌ನಿಂದ ಪಾರಾಗುವುದಿಲ್ಲ. ದೀಪ ಆರಿಸಿದರೆ ಉಲ್ಟಾ: ಕತ್ತಲಲ್ಲಿ ಗುರಿ ಕಾಣದ ನಾಯಕಿಗೆ ರೇಂಜ್‌ನದು ಕೆಲಸಕ್ಕೆ ಬಾರದು, ಏರಿಯಾ ನಡೆಯುತ್ತದೆ, ಕಾಣದವರನ್ನು ಸೆಲೆಕ್ಟಿವ್‌ನಿಂದ ಆರಿಸುವುದು ಮಾತ್ರ ಆಗುವುದಿಲ್ಲ. ಕ್ಯಾರೆಕ್ಟರ್ ಶೀಟಿನಲ್ಲಿ ‘ಪರ್ಸೆಪ್ಷನ್ ಅಫ್ಲಿಕ್ಷನ್ 8’ ಎಂದಷ್ಟೇ ಬರೆದುಕೊಂಡಿದ್ದರೆ ಇವುಗಳಲ್ಲಿ ಯಾವುದು ಎಂದು ಆಟ ನಡೆಸುವವರು ಹೇಗೆ ಹೇಳಬೇಕು? ಕದನದ ನಡುವೆ ಪುಸ್ತಕ ತೆರೆದು ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಸೆಲೆಕ್ಟಿವ್ ಇದ್ದರೆ ಬೆಲೆಯೂ ಸಮ, ಆ ಸುಳಿವೂ ಇಲ್ಲ.

ಕತ್ತಲಲ್ಲಿ ಏಕೆ ನಡೆಯುವುದಿಲ್ಲ ಎಂದರೆ, ಪರ್ಸೆಪ್ಷನ್ ರೇಂಜ್‌ಗೆ ‘ಅಕ್ಯುರೇಟ್’ ಇಂದ್ರಿಯ ಬೇಕು, ಅಂದರೆ ಗುರಿ ಇರುವ ಜಾಗವನ್ನು ಕರಾರುವಾಕ್ಕಾಗಿ ತಿಳಿಸುವಂಥದ್ದು. ಸಾಮಾನ್ಯ ಮನುಷ್ಯರಿಗೆ ದೂರದಿಂದ ಅಷ್ಟು ನಿಖರವಾಗಿ ತಿಳಿಸುವುದು ಕಣ್ಣು, ಕಿವಿಯಲ್ಲ. ಇಲ್ಲಿ ಇನ್ನೊಂದು ಸಿಕ್ಕು. ಅದೇ ‘ಅಕ್ಯುರೇಟ್’ ಎಂಬ ಹೆಸರಿನ ಎಕ್ಸ್ಟ್ರಾ ಇದೆ: 1 ಪಾಯಿಂಟ್ ಕೊಟ್ಟರೆ ಆ ಒಂದು ಶಕ್ತಿಯ ದಾಳಿಗೆ 2 ಬೋನಸ್. ‘ಅಕ್ಯುರೇಟ್ ಅಟ್ಯಾಕ್’ ಎಂಬ ಪಟ್ಟೂ ಇದೆ: ಎಫೆಕ್ಟ್ ರ‍್ಯಾಂಕ್ ಇಳಿಸಿ ದಾಳಿಯ ಬೋನಸ್ ಏರಿಸುವುದು, ಎಲ್ಲರಿಗೂ 2ರವರೆಗೆ, ಅದೇ ಹೆಸರಿನ ಅಡ್ವಾಂಟೇಜ್ ಕೊಂಡವರಿಗೆ 5ರವರೆಗೆ. ‘ನನಗೆ ಅಕ್ಯುರೇಟ್ ಇದೆ’ ಎಂದು ಆಟಗಾರ ಹೇಳಿದಾಗ ಅದು ಈ ನಾಲ್ಕರಲ್ಲಿ ಯಾವುದೂ ಆಗಿರಬಹುದು.

‘ರೇಂಜ್ಡ್’ ಕಥೆಯೂ ಇಂಥದ್ದೇ, ಇಲ್ಲಿ ನೇರವಾಗಿ ಪಾಯಿಂಟ್ ನಷ್ಟ. ರೇಂಜ್ಡ್ ಎನ್ನುವುದು ರೇಂಜ್‌ನ ಒಂದು ಬಗೆ. ರ‍್ಯಾಂಕ್ 10ರ ಬೆಂಕಿಗೆ 250 ಅಡಿಯವರೆಗೆ ಹತ್ತಿರ, 500ರವರೆಗೆ ಮಧ್ಯಮ, 1000ದವರೆಗೆ ದೂರ. ‘ರೇಂಜ್ಡ್ ಕಾಂಬ್ಯಾಟ್’ ಸ್ಕಿಲ್. ‘ರೇಂಜ್ಡ್ ಅಟ್ಯಾಕ್’ ಅಡ್ವಾಂಟೇಜ್. ಇಂದ್ರಿಯಗಳ ಪಟ್ಟಿಯಲ್ಲೂ ಒಂದು ‘ರೇಂಜ್ಡ್’ ಇದೆ. ಡೆಕ್ಸ್ಟೆರಿಟಿ (ಕೈಚಳಕದ ಎಬಿಲಿಟಿ) 2 ಇರುವ ನಾಯಕನಿಗೆ ದೂರದ ದಾಳಿಯಲ್ಲಿ 10 ಬೋನಸ್ ಬೇಕೆನ್ನಿ, ಇನ್ನೂ 8 ಕೊಳ್ಳಬೇಕು. ಸ್ಕಿಲ್‌ನಲ್ಲಿ ಕೊಂಡರೆ 1 ಪಾಯಿಂಟಿಗೆ 2 ರ‍್ಯಾಂಕ್, ಒಟ್ಟು 4 ಪಾಯಿಂಟ್. ಒಂದು ಬಗೆಯ ದಾಳಿಗೆ ಮಾತ್ರ ಸಲ್ಲುತ್ತದೆ. ಅಡ್ವಾಂಟೇಜ್‌ನಲ್ಲಿ ಕೊಂಡರೆ 1ಕ್ಕೆ 1, ಒಟ್ಟು 8. ದೂರದ ಎಲ್ಲ ದಾಳಿಗೂ ಸಲ್ಲುತ್ತದೆ. ಅಕ್ಯುರೇಟ್ ಎಕ್ಸ್ಟ್ರಾ ಆದರೆ 4. ಡೆಕ್ಸ್ಟೆರಿಟಿಯನ್ನೇ ಏರಿಸಿದರೆ ರ‍್ಯಾಂಕ್‌ಗೆ 2ರಂತೆ 16, ಆದರೆ ಡೆಕ್ಸ್ಟೆರಿಟಿ ಆಧರಿಸಿದ ಸ್ಕಿಲ್‌ಗಳೂ ಏರುತ್ತವೆ. ಇದೆಲ್ಲ ನಿಜವಾಗಿ ಒಳ್ಳೆಯ ಆಯ್ಕೆಗಳು, ಪ್ರತಿಯೊಂದಕ್ಕೂ ಕಾರಣವಿದೆ. ಆದರೆ ಅಗ್ಗದ ಸ್ಕಿಲ್ಲೂ ದುಬಾರಿ ಅಡ್ವಾಂಟೇಜೂ ಕಾಂಬ್ಯಾಟ್, ಅಟ್ಯಾಕ್ ಎಂಬ ಸಮಾನಾರ್ಥದ ಪದಗಳಿಂದ ಮಾತ್ರ ಬೇರೆಯಾಗುವುದರಿಂದ ಬೇಕಾದದ್ದು ಬಿಟ್ಟು ಬೇಡವಾದದ್ದು ಕೊಳ್ಳುವುದು ಬಹಳ ಸುಲಭ. ಒಂದಕ್ಕೆ ‘ಆಯುಧ ಪಳಗು’, ಇನ್ನೊಂದಕ್ಕೆ ‘ದೂರದ ಗುರಿಕಾರ’ ಎಂಬಂಥ, ಎಲ್ಲೂ ಕೂಡಿಕೊಳ್ಳದ ಹೆಸರು ಇಟ್ಟಿದ್ದರೆ ಮುಗಿಯುತ್ತಿತ್ತು.

ಡಿಸ್ಕ್ರಿಪ್ಟರ್‌ಗೆ ಬೆಲೆ ಇಲ್ಲ ಎಂದೆವು. ಅದು ಅರ್ಧ ಸತ್ಯ. ಇಮ್ಯೂನಿಟಿ (ಏನಾದರೊಂದು ತಗಲದಂತೆ ಮಾಡುವ ಎಫೆಕ್ಟ್) ಕೊಳ್ಳುವಾಗ ಡಿಸ್ಕ್ರಿಪ್ಟರೇ ಬೆಲೆ ಕಟ್ಟುತ್ತದೆ. ಬಿಸಿಲು, ಕಾದ ಹವೆಯಂಥ ಪರಿಸರದ ಶಾಖಕ್ಕೆ ಇಮ್ಯೂನಿಟಿ 1 ರ‍್ಯಾಂಕ್. ಬೆಂಕಿಯ ಡ್ಯಾಮೇಜ್‌ಗೆ 5 ರ‍್ಯಾಂಕ್. ಬೆಂಕಿಯ ಎಲ್ಲ ಎಫೆಕ್ಟ್‌ಗಳಿಗೆ 10 ರ‍್ಯಾಂಕ್. ಬೆಂಕಿ ನಾಯಕನನ್ನು ಕಟ್ಟುವವರು ಪಟ್ಟಿಯಲ್ಲಿ ಮೊದಲು ಕಾಣುವ ಶಾಖದ ಸಾಲು ನೋಡಿ 1 ಪಾಯಿಂಟ್ ಕೊಟ್ಟು ‘ನನಗೆ ಬೆಂಕಿ ತಗಲುವುದಿಲ್ಲ’ ಎಂದು ನಂಬುತ್ತಾರೆ. ಮೂರನೇ ವಾರ ಇನ್ನೊಬ್ಬ ಬೆಂಕಿಯವನು ಎದುರಾದಾಗ ಆ ನಂಬಿಕೆ ಬೀಳುತ್ತದೆ, ಅದರೊಂದಿಗೆ ಅರ್ಧ ಗಂಟೆ ವಾದ. ಐದು ಮತ್ತು ಹತ್ತರ ನಡುವಿನ ಗೆರೆಯೂ ‘ಡ್ಯಾಮೇಜ್’ ಎಂಬ ಪದದ ಮೇಲೇ ನಿಂತಿದೆ. ಡ್ಯಾಮೇಜ್ ಎಂಬುದು ಒಂದು ಎಫೆಕ್ಟ್‌ನ ಹೆಸರು ಎಂದು ಗೊತ್ತಿಲ್ಲದವರು ಅದನ್ನು ‘ಹಾನಿ’ ಎಂಬ ಮಾಮೂಲಿ ಅರ್ಥದಲ್ಲಿ ಓದುತ್ತಾರೆ. ಆಗ ಹೊಗೆಯಿಂದ ಕಣ್ಣು ಕಟ್ಟುವ ಅಫ್ಲಿಕ್ಷನ್ನೂ ಹಾನಿಯೇ ತಾನೇ ಎನಿಸುತ್ತದೆ. ನಿಯಮದಲ್ಲಿ ಅದು ಡ್ಯಾಮೇಜ್ ಅಲ್ಲ, 5 ರ‍್ಯಾಂಕ್‌ನ ಇಮ್ಯೂನಿಟಿ ಅದನ್ನು ತಡೆಯುವುದಿಲ್ಲ.

ಡ್ಯಾಮೇಜ್‌ನದ್ದೇ ಇನ್ನೊಂದು ಉಪದ್ರವ. ಎದುರಾಳಿ ಮುಟ್ಟಬೇಕಾದ ಸಂಖ್ಯೆ ಅಫ್ಲಿಕ್ಷನ್‌ಗೆ 10 ಕೂಡಿಸು ರ‍್ಯಾಂಕ್, ಡ್ಯಾಮೇಜ್‌ಗೆ 15 ಕೂಡಿಸು ರ‍್ಯಾಂಕ್. ಎರಡಕ್ಕೂ ಹೆಸರು ‘ರೆಸಿಸ್ಟೆನ್ಸ್ ಚೆಕ್’. ಹೆಸರು ಒಂದೇ ಆದ್ದರಿಂದ ಲೆಕ್ಕವೂ ಒಂದೇ ಎಂದುಕೊಂಡು 10 ಹಾಕಿದರೆ ಯಾರೂ ಯಾರನ್ನೂ ಬೀಳಿಸಲಾಗದೆ ಕದನ ಎಳೆದಾಡುತ್ತದೆ. ಹಾಗಾದಾಗ ಆಟಗಾರರು ವ್ಯವಸ್ಥೆಯನ್ನೇ ದೂರುತ್ತಾರೆ, ‘ಈ ಆಟದಲ್ಲಿ ಜಗಳ ಮುಗಿಯುವುದೇ ಇಲ್ಲ’ ಎಂದು. ಪ್ರತಿ ಸಲ ಟಫ್‌ನೆಸ್, ಅಂದರೆ ಡ್ಯಾಮೇಜ್ ತಡೆಯುವ ದಾಳಕ್ಕೆ ಮುಟ್ಟಬೇಕಾದ ಸಂಖ್ಯೆ 5 ಕಮ್ಮಿ ಇರುತ್ತಿತ್ತು ಎಂದು ಅವರಿಗೆ ತಿಳಿಯುವುದೇ ಇಲ್ಲ.

‘ರ‍್ಯಾಂಕ್’ ಬಗ್ಗೆ ಒಂದು ಒಳ್ಳೆಯ ಮಾತು, ಒಂದು ದೂರು. ಎಬಿಲಿಟಿಗೂ ರ‍್ಯಾಂಕ್, ಎಫೆಕ್ಟ್‌ಗೂ ರ‍್ಯಾಂಕ್, ತೂಕ, ದೂರ, ಕಾಲಕ್ಕೂ ರ‍್ಯಾಂಕ್. ಇದು ಬೇಕೆಂದೇ ಮಾಡಿದ್ದು, ಚೆನ್ನಾಗಿಯೂ ಇದೆ. ತೂಕದ ರ‍್ಯಾಂಕ್ 0 ಎಂದರೆ 50 ಪೌಂಡ್, ದೂರದ ರ‍್ಯಾಂಕ್ 0 ಎಂದರೆ 30 ಅಡಿ, ಕಾಲದ ರ‍್ಯಾಂಕ್ 0 ಎಂದರೆ 6 ಸೆಕೆಂಡ್, ಒಂದು ರ‍್ಯಾಂಕ್ ಏರಿದರೆ ಹೆಚ್ಚುಕಮ್ಮಿ ಎರಡರಷ್ಟು. ಸ್ಟ್ರೆಂಗ್ತ್ 10 ಇರುವವಳು 25 ಟನ್ ಎತ್ತುತ್ತಾಳೆ. 3200 ಪೌಂಡಿನ ಕಾರಿನ ತೂಕದ ರ‍್ಯಾಂಕ್ 6. ಹತ್ತರಿಂದ ಆರು ಕಳೆದರೆ ದೂರದ ರ‍್ಯಾಂಕ್ 4, ಅಂದರೆ ಕಾರನ್ನು 500 ಅಡಿ ಎಸೆಯುತ್ತಾಳೆ. ಒಂದೇ ಕಳೆಯುವ ಲೆಕ್ಕ! ಒಂದೇ ಪದ ಹಲವು ಕಡೆ ಬಂದರೂ ಇಲ್ಲಿ ಅದು ಮಾಡುವ ಕೆಲಸ ಒಂದೇ: ದುಪ್ಪಟ್ಟಾಗುತ್ತ ಹೋಗುವ ಅಳತೆಗೋಲು. ನಾವು ಬೇಡುವುದು ಇಂಥದ್ದನ್ನೇ. ದೂರು ಎಂದರೆ, ಅದೇ ಪದವನ್ನು ಅಡ್ವಾಂಟೇಜ್‌ಗೂ ಸ್ಕಿಲ್‌ಗೂ ಹಚ್ಚಿದ್ದೀರಿ, ಅಲ್ಲಿ ಏನೂ ದುಪ್ಪಟ್ಟಾಗುವುದಿಲ್ಲ, ಬರಿ ಒಂದೊಂದೇ ಕೂಡುತ್ತದೆ. ಸಾಲದೆಂದು ರೇಂಜ್ ಎಂಬ ಖಾನೆಯಲ್ಲಿ ಕೆಲವು ಎಫೆಕ್ಟ್‌ಗಳಿಗೆ ‘ರ‍್ಯಾಂಕ್’ ಎಂದೇ ತುಂಬಿದ್ದೀರಿ. ಅದು ಅಳತೆಯ ಕೋಷ್ಟಕ ನೋಡಿ ಎಂಬ ಸೂಚನೆ ಎಂದು ಅನುಭವಿಗಳಿಗೆ ಮಾತ್ರ ತಿಳಿಯುತ್ತದೆ.

ಅವಧಿಯ ಪದಗಳಲ್ಲಿ ‘ಕಂಟಿನ್ಯುಯಸ್’ ಮತ್ತು ‘ಪರ್ಮನೆಂಟ್’ ಮಾತ್ರ ತೊಂದರೆ ಕೊಡುತ್ತವೆ. ಮೊದಲನೆಯದು ಪ್ರಜ್ಞೆ ತಪ್ಪಿದರೂ ನಡೆಯುತ್ತದೆ, ಬೇಕೆಂದಾಗ ಆರಿಸಬಹುದು, ಎರಡನೆಯದನ್ನು ಆರಿಸಲಾಗುವುದಿಲ್ಲ. ಮೈಯೇ ಕಲ್ಲಾದವನಿಗೆ ಯಾವುದು ಎಂದು ಒಂದು ಸಾಲಿನ ಉದಾಹರಣೆ ಸಾಕು.

ಒಂದು ಪುಸ್ತಕದೊಳಗಿನ ಗೊಂದಲ ಇಷ್ಟಾದರೆ, ಪುಸ್ತಕದಿಂದ ಪುಸ್ತಕಕ್ಕೆ ಹೋದಾಗ ಇನ್ನೂ ದೊಡ್ಡದು. ‘ಅಡ್ವಾಂಟೇಜ್’ ನೋಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲಿ ಅಡ್ವಾಂಟೇಜ್ ಎಂದರೆ ಇಪ್ಪತ್ತು ಮುಖದ ದಾಳ ಎರಡು ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು. ಮ್ಯುಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಮೂರನೇ ಆವೃತ್ತಿಯಲ್ಲಿ ಅದು ಹಿಂದಿನ ಆವೃತ್ತಿಯ ‘ಫೀಟ್’, ಅಂದರೆ ಕೊಂಡುಕೊಂಡ ಒಂದು ಕೌಶಲದ ಪಟ್ಟು. ಗರ್ಪ್ಸ್ ಎಂಬ ಇನ್ನೊಂದು ಆಟದಲ್ಲಿ ಪಾಯಿಂಟ್ ಕೊಟ್ಟು ಪಡೆಯುವ ಹೆಚ್ಚಿನ ಒಳ್ಳೆಯ ಗುಣವೆಲ್ಲ ಅಡ್ವಾಂಟೇಜ್. ಕೈಯಿಂದ ಬೆಂಕಿ ಎಸೆಯುವ ಶಕ್ತಿಯೇ ಅಲ್ಲಿ ಒಂದು ಅಡ್ವಾಂಟೇಜ್. 1981ರಲ್ಲಿ ಚಾಂಪಿಯನ್ಸ್ ಎಂಬ ಸೂಪರ್‌ಹೀರೊ ಆಟವಾಗಿ ಶುರುವಾದ ಹೀರೊ ಸಿಸ್ಟಂನಲ್ಲಿ ಅಡ್ವಾಂಟೇಜ್ ಎಂದರೆ ಶಕ್ತಿಯಲ್ಲ, ಶಕ್ತಿಯ ಬೆಲೆ ಏರಿಸುವ ಗುಣಕ. ಒಬ್ಬ ಆಟಗಾರ ನಾಲ್ಕು ಕಡೆ ಆಡಿದರೆ ಒಂದೇ ಪದಕ್ಕೆ ನಾಲ್ಕು ಅರ್ಥ ತಲೆಯಲ್ಲಿಟ್ಟುಕೊಳ್ಳಬೇಕು.

ಅರ್ಥ ಹತ್ತಿರವಿದ್ದಾಗ ಅಪಾಯ ಇನ್ನೂ ಹೆಚ್ಚು, ಏಕೆಂದರೆ ತಪ್ಪಾಗಿದೆ ಎಂದು ಗೊತ್ತೇ ಆಗುವುದಿಲ್ಲ. ‘ಲಿಮಿಟೇಶನ್’ ಹೀರೊ ಸಿಸ್ಟಂನಲ್ಲೂ ಇದೆ, ಗರ್ಪ್ಸ್‌ನಲ್ಲೂ ಇದೆ, ಎರಡರಲ್ಲೂ ಶಕ್ತಿಗೆ ತೊಡಕು ಹಾಕಿ ಬೆಲೆ ಇಳಿಸುವುದಕ್ಕೇ. ಎಂಟು ದಾಳದ ಬೆಂಕಿ ಎರಡರಲ್ಲೂ ದಾಳಕ್ಕೆ 5ರಂತೆ 40 ಪಾಯಿಂಟ್. ಅದನ್ನು ಅರ್ಧದಷ್ಟು ಏರಿಸುವ ಒಂದು ಗುಣ ಸೇರಿಸಿ, ಬೆಲೆ ಅರ್ಧವಾಗುವಂಥ ಒಂದು ಲಿಮಿಟೇಶನ್ ಹಾಕಿ. ಹೀರೊ ಸಿಸ್ಟಂನಲ್ಲಿ ಮೊದಲು ಗುಣಿಸಬೇಕು, 40ನ್ನು 1.5ರಿಂದ, ಅದು 60, ಅದಕ್ಕೆ ‘ಆಕ್ಟಿವ್ ಕಾಸ್ಟ್’ ಎಂದು ಹೆಸರು. ಆಮೇಲೆ ಒಂದಕ್ಕೆ ಲಿಮಿಟೇಶನ್‌ನ 1 ಕೂಡಿಸಿ 2ರಿಂದ ಭಾಗಿಸಬೇಕು, ‘ರಿಯಲ್ ಕಾಸ್ಟ್’ 30. ಗರ್ಪ್ಸ್‌ನಲ್ಲಿ ಶೇಕಡಾ 50 ಕೂಡಿಸಿ ಶೇಕಡಾ 50 ಕಳೆಯುವುದು, ಉಳಿದದ್ದು ಸೊನ್ನೆ, ಬೆಲೆ 40. ಒಂದೇ ಶಕ್ತಿ, ಒಂದೇ ಪದ, ಹತ್ತು ಪಾಯಿಂಟ್ ವ್ಯತ್ಯಾಸ. ಗರ್ಪ್ಸ್‌ನಲ್ಲಿ ಎಷ್ಟೇ ಲಿಮಿಟೇಶನ್ ಪೇರಿಸಿದರೂ ಒಟ್ಟು ಕಡಿತ ಶೇಕಡಾ 80 ದಾಟುವಂತಿಲ್ಲ; ಹೀರೊ ಸಿಸ್ಟಂನಲ್ಲಿ ಭಾಗಾಕಾರವಾದ್ದರಿಂದ ಅಂಥ ತಡೆ ಬೇಕಾಗಿಯೇ ಇಲ್ಲ. ಲೆಕ್ಕದ ರೀತಿಯನ್ನು ನೀವು ಬದಲಿಸಬೇಕಿಲ್ಲ. ಆದರೆ ಅಧ್ಯಾಯದ ಮೊದಲ ಪುಟದಲ್ಲೇ ‘ಇಲ್ಲಿ ಭಾಗಿಸುತ್ತೇವೆ’, ‘ಇಲ್ಲಿ ಕಳೆಯುತ್ತೇವೆ’ ಎಂದು ದಪ್ಪ ಅಕ್ಷರದಲ್ಲಿ ಒಂದು ಸಾಲು ಹಾಕಲು ಏನು ಅಡ್ಡಿ?

‘ಕಾಂಪ್ಲಿಕೇಶನ್’ ಕೂಡ ಹೀಗೆಯೇ. ಹೀರೊ ಸಿಸ್ಟಂ 2009ರ ಆರನೇ ಆವೃತ್ತಿಯಲ್ಲಿ ಹಳೆಯ ‘ಡಿಸ್‌ಅಡ್ವಾಂಟೇಜ್’ಗಳಿಗೆ ಈ ಹೆಸರು ಕೊಟ್ಟಿತು, ಅಲ್ಲಿ ಅದು ಪಾತ್ರ ಕಟ್ಟುವಾಗಿನ ಪಾಯಿಂಟ್ ಲೆಕ್ಕಕ್ಕೆ ಸೇರುತ್ತದೆ. ಮ್ಯುಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನಲ್ಲಿ ಪಾತ್ರ ಕಟ್ಟುವಾಗ ಅದಕ್ಕೆ ಏನೂ ಸಿಗುವುದಿಲ್ಲ, ಆಟದಲ್ಲಿ ಅದು ತೊಂದರೆ ಕೊಟ್ಟಾಗ ಆಟದ ನಡುವೆ ಖರ್ಚು ಮಾಡುವ ಹೀರೊ ಪಾಯಿಂಟ್ ಸಿಗುತ್ತದೆ. ಇನ್ನು ರ‍್ಯಾಂಕ್: 1984ರ ಟಿಎಸ್ಆರ್ ಪ್ರಕಾಶನದ ಮಾರ್ವೆಲ್ ಸೂಪರ್ ಹೀರೋಸ್‌ನಲ್ಲಿ ರ‍್ಯಾಂಕ್‌ಗಳಿಗೆ ವಿಶೇಷಣಗಳೇ ಹೆಸರು, ಗುಡ್ 10, ಎಕ್ಸಲೆಂಟ್ 20, ರಿಮಾರ್ಕಬಲ್ 30, ಇನ್‌ಕ್ರೆಡಿಬಲ್ 40, ಅಮೇಜಿಂಗ್ 50. 2023ರ ಮಾರ್ವೆಲ್ ಮಲ್ಟಿವರ್ಸ್ ಆಟದಲ್ಲಿ ರ‍್ಯಾಂಕ್ ಎಂದರೆ ಇಡೀ ಪಾತ್ರದ ಮಟ್ಟ, 1ರಿಂದ 6. ಹಳೆಯದರಲ್ಲಿ ರಿಮಾರ್ಕಬಲ್ ದೊಡ್ಡದೋ ಇನ್‌ಕ್ರೆಡಿಬಲ್ ದೊಡ್ಡದೋ ಎಂದು ಬಾಯಿಪಾಠ ಮಾಡಬೇಕಿತ್ತು ನಿಜ, ಆದರೆ ಕಿವಿಗೆ ಬಿದ್ದ ಕೂಡಲೇ ಇದು ನಿಯಮದ ಮಾತು ಎಂದು ತಿಳಿಯುತ್ತಿತ್ತು.

ಕಿವಿಯ ಮಾತು ಬಂತು. ಈ ಪತ್ರದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ನಿಮ್ಮ ಹೆಚ್ಚಿನ ಪುಸ್ತಕಗಳು ನಿಯಮದ ಪದವನ್ನೂ ಮಾಮೂಲಿ ಪದವನ್ನೂ ಬೇರೆ ಮಾಡುವುದು ಮೊದಲ ಅಕ್ಷರವನ್ನು ದೊಡ್ಡದು ಮಾಡಿ, ಇಲ್ಲವೇ ಓರೆ ಅಕ್ಷರ ಹಾಕಿ. ಆಟ ನಡೆಯುವುದು ಬಾಯಿಮಾತಿನಲ್ಲಿ. ದೊಡ್ಡಕ್ಷರ ಕಿವಿಗೆ ಕೇಳಿಸುವುದಿಲ್ಲ, ಓರೆ ಅಕ್ಷರವೂ ಕೇಳಿಸುವುದಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡ ಕ್ಷಣ ಆ ವ್ಯತ್ಯಾಸ ಕಾಗದದ ಮೇಲಿಂದಲೂ ಹೋಗುತ್ತದೆ. ದೇವನಾಗರಿ, ತಮಿಳು, ಅರಬ್ಬಿ, ಜಪಾನಿ ಲಿಪಿಗಳಲ್ಲಿ ಬರೆದುಕೊಳ್ಳುವವರಿಗೂ ಇದೇ ಗತಿ. ಇಂಗ್ಲಿಷ್ ಬಲ್ಲವರಿಗೂ ಜೋರಾಗಿ ಓದಿ ಹೇಳುವಾಗ ಇದೇ ಗತಿ. ಅಕ್ಷರದ ರೂಪದ ಮೇಲೆ ನಿಂತ ವ್ಯತ್ಯಾಸ ಪುಟದ ಆಚೆ ಉಳಿಯುವುದಿಲ್ಲ.

ಈ ಗೊಂದಲ ಎಲ್ಲಿಂದ ಬಂತು ಎಂಬುದೂ ಗುಟ್ಟಲ್ಲ. ಕಾಮಿಕ್ಸ್‌ನ ಭಾಷೆಯಲ್ಲಿ ಪವರ್, ಬ್ಲಾಸ್ಟ್, ಅಟ್ಯಾಕ್ ಎಲ್ಲವೂ ಸಡಿಲವಾಗಿ ಓಡಾಡುವ ಪದಗಳು. ಆ ರುಚಿ ಉಳಿಯಲಿ ಎಂದು ಅವನ್ನೇ ನಿಯಮಕ್ಕೂ ತೆಗೆದುಕೊಂಡಿರಿ. ಮ್ಯುಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನ 2002ರ ಮೊದಲ ಆವೃತ್ತಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಅಂದಿನ ನಿಯಮಗಳಾದ ಡಿ20 ವ್ಯವಸ್ಥೆಯ ಮೇಲೆ ಕಟ್ಟಿದ್ದು, ಫೀಟ್, ಪವರ್ ಅಟ್ಯಾಕ್‌ನಂಥವು ಆ ಮನೆಯಿಂದ ಬಂದವು. ಅಲ್ಲಿ ಸೂಪರ್‌ಶಕ್ತಿಗಳ ಅಧ್ಯಾಯ ಇರಲಿಲ್ಲ, ಆದ್ದರಿಂದ ಡಿಕ್ಕಿಯೂ ಇರಲಿಲ್ಲ. ಮೂರನೇ ಆವೃತ್ತಿಯಲ್ಲಿ ಕೆಲವನ್ನು ಬದಲಿಸಿದಿರಿ, ಕೆಲವನ್ನು ಬಿಟ್ಟಿರಿ. ಅರ್ಧ ಬದಲಾವಣೆ ಹಳೆಯ ಆಟಗಾರರನ್ನೂ ಹೊಸಬರನ್ನೂ ಒಟ್ಟಿಗೆ ಎಡವಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಮುದ್ರಣಕ್ಕೆ ಹೋಗುವ ಮೊದಲು ನಿಯಮದ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಅದು ಯಾವ ಖಾನೆಗೆ ಸೇರಿದ್ದು ಎಂದು ಗುರುತು ಹಾಕಿ: ಎಫೆಕ್ಟೋ, ರೇಂಜೋ, ಅವಧಿಯೋ, ಸ್ಕಿಲ್ಲೋ, ಪಟ್ಟೋ, ಸ್ಥಿತಿಯೋ. ಎರಡು ಖಾನೆಯಲ್ಲಿ ಕಂಡ ಪದವನ್ನು ಒಂದರಿಂದ ತೆಗೆಯಿರಿ. ಪದದ ಭಾಗವನ್ನೂ ಹುಡುಕಿ. ರೇಂಜ್ಡ್ ಕಾಂಬ್ಯಾಟ್, ರೇಂಜ್ಡ್ ಅಟ್ಯಾಕ್ ಬೇರೆ ಬೇರೆ ಸಾಲಿನಲ್ಲಿ ಕೂತು ತಪ್ಪಿಸಿಕೊಳ್ಳುತ್ತವೆ. ಆಮೇಲೆ ಪುಸ್ತಕ ಓದದ ಒಬ್ಬರನ್ನು ಕೂರಿಸಿ, ಶಕ್ತಿಯ ಒಂದು ಸಾಲನ್ನು ಗಟ್ಟಿಯಾಗಿ ಓದಿ ಹೇಳಿ, ತೋರಿಸಬೇಡಿ. ಯಾರು ದಾಳ ಹಾಕಬೇಕು, ಯಾರಿಗೆ ತಗಲುತ್ತದೆ, ಎಷ್ಟು ಮುಟ್ಟಬೇಕು ಎಂಬ ಮೂರಕ್ಕೆ ಅವರು ಉತ್ತರಿಸಲಾಗದಿದ್ದರೆ ಆ ಸಾಲು ಇನ್ನೂ ಸಿದ್ಧವಾಗಿಲ್ಲ.

ಶಕ್ತಿಯನ್ನು ಬರೆಯುವ ಕ್ರಮವೂ ಬದಲಾಗಲಿ. ಈಗ ಎಲ್ಲ ಗುಣವಾಚಕಗಳನ್ನೂ ಒಂದೇ ಉಸಿರಿನಲ್ಲಿ ಪೋಣಿಸಲಾಗುತ್ತದೆ: ಸೆಲೆಕ್ಟಿವ್ ಹಿಯರಿಂಗ್ ಪರ್ಸೆಪ್ಷನ್ ಏರಿಯಾ ಅಫ್ಲಿಕ್ಷನ್ 8. ಅದರ ಬದಲು ಖಾನೆಗಳಿಗೆ ಹೆಸರು ಕೊಟ್ಟು ಹೀಗೆ ಬರೆಯಬಹುದು:

ಹೆಸರು: ಮಂಕು ಕವಿಸುವ ಕಿರುಚು.
ಮಾಡುವುದು: ಅಫ್ಲಿಕ್ಷನ್ 8, ಮೊದಲ ಹಂತ ಡೇಜ್ಡ್, ಎರಡನೆಯದು ಸ್ಟನ್ಡ್, ಮೂರನೆಯದು ಇನ್‌ಕೆಪಾಸಿಟೇಟೆಡ್.
ತಗಲುವುದು: ಕೇಳಿಸಿಕೊಂಡವರಲ್ಲಿ ಅವಳು ಆರಿಸಿದವರಿಗೆ.
ಹೊಡೆಯುವವಳ ದಾಳ: ಇಲ್ಲ.
ಎದುರಾಳಿಯ ದಾಳ: ಡಾಜ್ 18; ಸೋತರೆ ಫಾರ್ಟಿಟ್ಯೂಡ್ 18.
ಡಿಸ್ಕ್ರಿಪ್ಟರ್: ಶಬ್ದ.
ಬೆಲೆ: ರ‍್ಯಾಂಕ್‌ಗೆ 3, ಒಟ್ಟು 24.

ಏಳು ಸಾಲು ಹಿಡಿಯುತ್ತದೆ, ಒಪ್ಪುತ್ತೇವೆ. ನೂರು ಖಳನಾಯಕರ ಪುಸ್ತಕದಲ್ಲಿ ಇಷ್ಟು ಜಾಗ ಸಿಗುವುದಿಲ್ಲ ಎಂದರೆ ಅಲ್ಲಿ ಚಿಕ್ಕದಾಗಿ ಬರೆಯಿರಿ, ಮೂಲ ನಿಯಮಪುಸ್ತಕದ ಮಾದರಿ ಶಕ್ತಿಗಳನ್ನಾದರೂ ಹೀಗೆ ಬಿಡಿಸಿ ಇಡಿ. ಇಲ್ಲಿ ‘ಪರ್ಸೆಪ್ಷನ್’ ಎಂಬ ಪದ ಒಮ್ಮೆಯೂ ಬಂದಿಲ್ಲ ಎಂಬುದನ್ನೂ ಗಮನಿಸಿ. ‘ತಗಲುವುದು’ ಎಂಬ ಖಾನೆಯೇ ಆ ಕೆಲಸ ಮಾಡಿತು.

‘ಅರೇ’ (array), ಅಂದರೆ ಒಂದರ ಬೆಲೆಗೆ ಹಲವು ಶಕ್ತಿ ಇಟ್ಟುಕೊಂಡು ಒಮ್ಮೆಗೆ ಒಂದನ್ನೇ ಬಳಸುವ ಕಟ್ಟಿನ ವಿಷಯವನ್ನೂ ಖಾನೆಯಲ್ಲೇ ಬಗೆಹರಿಸಬಹುದು. ಅದರಲ್ಲಿನ ‘ಆಲ್ಟರ್ನೇಟ್ ಎಫೆಕ್ಟ್’ ಎಂದರೆ ಅಗ್ಗಕ್ಕೆ ಸಿಗುವ ಇನ್ನೊಂದು ಶಕ್ತಿ ಎಂದಷ್ಟೇ ಬಹಳ ಜನ ತಿಳಿಯುತ್ತಾರೆ. ಇಪ್ಪತ್ತು ಪಾಯಿಂಟಿನ ಬ್ಲಾಸ್ಟ್ (ದೂರಕ್ಕೆ ಎಸೆಯುವ ಬೆಂಕಿ), ಹದಿನೆಂಟರ ಸ್ನೇರ್ (ಕಟ್ಟಿಹಾಕುವ ಬಲೆ), ಇಪ್ಪತ್ತರ ಫ್ಲೈಟ್ ಬಿಡಿಬಿಡಿಯಾಗಿ 58. ಬ್ಲಾಸ್ಟ್‌ಗೆ ಪೂರ್ತಿ ಬೆಲೆ ಕೊಟ್ಟು ಉಳಿದೆರಡನ್ನು ತಲಾ 1 ಪಾಯಿಂಟಿನ ಆಲ್ಟರ್ನೇಟ್ ಮಾಡಿದರೆ 22. ಮೂವತ್ತಾರು ಪಾಯಿಂಟ್ ಉಳಿಯಿತು, ಆದರೆ ಹಾರುತ್ತ ಬೆಂಕಿ ಎಸೆಯಲಾಗುವುದಿಲ್ಲ. ಗಾಳಿಯಲ್ಲಿದ್ದಾಗ ಬ್ಲಾಸ್ಟ್‌ಗೆ ತಿರುಗಿಸಿದರೆ ಕೆಳಗೆ ಬೀಳುತ್ತಾನೆ. ‘ಒಮ್ಮೆಗೆ ಒಂದೇ’ ಎಂಬ ಮಾತು ಹೆಸರಿನಲ್ಲೇ ಇದ್ದಿದ್ದರೆ ಯಾರೂ ಫ್ಲೈಟನ್ನು ಅಲ್ಲಿ ಸೇರಿಸುತ್ತಿರಲಿಲ್ಲ.

ಹೊಸ ಆವೃತ್ತಿ ತರುವಾಗ ಹಳೆಯ ಪದ, ಹೊಸ ಪದ, ಲೆಕ್ಕ ಬದಲಾಗಿದೆಯೇ ಇಲ್ಲವೇ ಎಂಬ ಮೂರು ಕಾಲಮ್ಮಿನ ಒಂದು ಪುಟ ಕೊಡಿ. ಹೆಸರು ಮಾತ್ರ ಬದಲಾದದ್ದು, ನಿಯಮವೇ ಬದಲಾದದ್ದು, ಎರಡೂ ಬೆರೆತರೆ ಹಳೆಯ ಪಾತ್ರಗಳನ್ನು ಹೊಸದಕ್ಕೆ ತರುವವರಿಗೆ ಯಾವುದನ್ನು ಮತ್ತೆ ಲೆಕ್ಕ ಹಾಕಬೇಕು ಎಂದು ತಿಳಿಯುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯಲ್ಲಿ ಒಂದು ಪದದ ಎದುರು ಹನ್ನೆರಡು ಪುಟಸಂಖ್ಯೆ ಸುರಿಯಬೇಡಿ. ಪರ್ಸೆಪ್ಷನ್ (ಸ್ಕಿಲ್), ಪರ್ಸೆಪ್ಷನ್ (ರೇಂಜ್), ಪರ್ಸೆಪ್ಷನ್ (ಏರಿಯಾ) ಎಂದು ಬಿಡಿಸಿ, ನಿಯಮ ಇರುವ ಪುಟವನ್ನು ದಪ್ಪ ಮಾಡಿ.

ಅಲ್ಲಿಯವರೆಗೆ ಆಟ ನಡೆಸುವವರಿಗೆ ಒಂದು ಮಾತು. ಮೊದಲ ಆಟಕ್ಕೆ ಮುಂಚೆ ಪ್ರತಿಯೊಬ್ಬರ ಶೀಟಿನಲ್ಲೂ ಪ್ರತಿ ಶಕ್ತಿಯ ಪಕ್ಕ ‘ಯಾರಿಗೆ ತಗಲುತ್ತದೆ, ಯಾರು ಏನು ಉರುಳಿಸುತ್ತಾರೆ, ಎಷ್ಟು ಮುಟ್ಟಬೇಕು’ ಎಂದು ಕನ್ನಡದಲ್ಲೇ ಬರೆಸಿ. ಡ್ಯಾಮೇಜ್ ಇದ್ದಲ್ಲಿ 15 ಕೂಡಿಸಿದ ಸಂಖ್ಯೆಯನ್ನೇ ಬರೆಸಿ, ಕೂಡುವ ಲೆಕ್ಕ ಕದನಕ್ಕೆ ಉಳಿಯದಿರಲಿ. ಇಮ್ಯೂನಿಟಿ ಇದ್ದರೆ ಅದು ಏನನ್ನು ತಡೆಯುವುದಿಲ್ಲ ಎಂದೂ ಒಂದು ಸಾಲು ಸೇರಿಸಿ.

ತಮ್ಮದೇ ಆಟ ಬರೆಯುತ್ತಿರುವ ಕನ್ನಡಿಗರಲ್ಲಿ ಕೇಳುವುದು ಇಷ್ಟು: ಲೈಸೆನ್ಸ್ ನಿಮಗೆ ಲೆಕ್ಕವನ್ನು ಬಳಸಲು ಬಿಡುತ್ತದೆ, ಹೆಸರುಗಳನ್ನು ಹೊಸದಾಗಿ ಇಡುವುದಕ್ಕೂ ಅಡ್ಡಿ ಮಾಡುವುದಿಲ್ಲ. ಮೊದಲು ಖಾನೆಗಳ ಹಾಳೆ ಮಾಡಿ, ಪುಸ್ತಕದ ಕರಡು ಆಮೇಲೆ. ಹಾಳೆಯನ್ನು ಯಾರಾದರೂ ತೋರಿಸಿದರೆ ಸಿಕ್ಕಿದ ಸಿಕ್ಕುಗಳನ್ನು ಗುರುತು ಹಾಕಿ ಕೊಡಲು ನಾವು ಸಿದ್ಧ.

ಇಂತಿ,
ನಿಮ್ಮ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಕನ್ನಡದಲ್ಲಿ ಆಟ ನಡೆಸುವವರು